ಟ್ಯಾಂಕಿಗೆ ತನ್ನ ಮನೆ ಯಾವುದೆಂದು ಗೊತ್ತಿರಬೇಕೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮನೆಯ ನೀರಿನ ವ್ಯವಸ್ಥೆಯನ್ನು ಅನುಕರಿಸುವ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ‘ಮನೆ’ ಎಂಬ ಕ್ಲಾಸಿನೊಳಗೆ, ಅಂದರೆ ಆಬ್ಜೆಕ್ಟುಗಳನ್ನು ಸೃಷ್ಟಿಸುವ ಅಚ್ಚಿನೊಳಗೆ, ಸಂಪು, ಓವರ್‌ಹೆಡ್ ಟ್ಯಾಂಕ್, ಮೋಟರ್ ಮತ್ತು ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿವೆ. ಟ್ಯಾಂಕ್ ತುಂಬಿದಾಗ ಸೆನ್ಸರ್ ಮೋಟರನ್ನು ನಿಲ್ಲಿಸಬೇಕು. ಅದಕ್ಕಾಗಿ ಪ್ರತಿ ಭಾಗವನ್ನು ಸೃಷ್ಟಿಸುವಾಗಲೂ ‘ಸೆಲ್ಫ್’ (ಅಂದರೆ ಆ ಮನೆಯ ಆಬ್ಜೆಕ್ಟನ್ನೇ) ಕಳುಹಿಸಿ, ಅದು ತನ್ನ ಮನೆಯನ್ನು ನೆನಪಿಟ್ಟುಕೊಳ್ಳುವಂತೆ ಮಾಡಿದ್ದೇನೆ. ಇದು ಸರ್ಕ್ಯುಲರ್ ರೆಫರೆನ್ಸ್ (ಒಂದನ್ನೊಂದು ಹಿಡಿದುಕೊಂಡ ಸುತ್ತು), ಮೆಮೊರಿ ಸೋರುತ್ತದೆ ಎಂದು ಗೆಳತಿ ಹೆದರಿಸುತ್ತಾಳೆ. ಇದನ್ನೇ ಎರಡು ಬ್ಲಾಕುಗಳ ಅಪಾರ್ಟ್‌ಮೆಂಟಿಗೆ ವಿಸ್ತರಿಸಿ ಒಂದು ಮೋಟರನ್ನು ಎ ಬ್ಲಾಕಿನಿಂದ ಬಿ ಬ್ಲಾಕಿಗೆ ವರ್ಗಾಯಿಸಿದೆ. ಅಂದಿನಿಂದ ಎ ಬ್ಲಾಕಿನ ಟ್ಯಾಂಕ್ ತುಂಬಿದರೆ ಬಿ ಬ್ಲಾಕಿನ ಮೋಟರ್ ನಿಲ್ಲುತ್ತಿದೆ! ಭಾಗಗಳನ್ನು ಕಂಟೇನರ್‌ಗೆ ಜೋಡಿಸುವ ಸರಿಯಾದ ಕ್ರಮ ಯಾವುದು? ಮೋಟರ್ ಕ್ಲಾಸನ್ನು ಮನೆ ಕ್ಲಾಸಿನಿಂದಲೇ ಇನ್‌ಹೆರಿಟ್ ಮಾಡಿಬಿಟ್ಟರೆ ಎಲ್ಲವೂ ಸಲೀಸಾಗಿ ಸಿಗುವುದಿಲ್ಲವೇ?

ಉತ್ತರ: ನಿಮ್ಮ ಗೆಳತಿಯ ಹೆದರಿಕೆಗೆ ಚರಿತ್ರೆಯಲ್ಲಿ ಆಧಾರವಿದೆ, ಆದರೆ ನಿಮ್ಮ ಪ್ರೋಗ್ರಾಮಿನ ಕಾಯಿಲೆ ಅದಲ್ಲ. ಕಾಯಿಲೆ ಎರಡನೆಯ ಪ್ರಶ್ನೆಯಲ್ಲಿದೆ. ಎ ಬ್ಲಾಕ್ ಮತ್ತು ಬಿ ಬ್ಲಾಕ್ ಎರಡೂ ಒಂದೇ ಮೋಟರನ್ನು ತಮ್ಮದೆಂದು ಹೇಳಿಕೊಳ್ಳುತ್ತಿವೆ. ಮೆಮೊರಿಯ ವಿಚಾರವನ್ನು ಪೈಥಾನ್ ಹೇಗೋ ನೋಡಿಕೊಳ್ಳುತ್ತದೆ. ಈ ಒಡೆತನದ ಜಗಳವನ್ನು ಯಾವ ಭಾಷೆಯೂ ನಿಮ್ಮ ಪರವಾಗಿ ಬಗೆಹರಿಸುವುದಿಲ್ಲ.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು ಕೇಳುತ್ತೇನೆ. ಸೆನ್ಸರ್‌ಗೆ ಮನೆ ಏಕೆ ಬೇಕು?

ನಿಮ್ಮ ಮನೆಯ ತಾರಸಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಒಳಗೆ ಫ್ಲೋಟ್ ಸ್ವಿಚ್ ತೇಲುತ್ತಿದ್ದರೆ ಅದರಿಂದ ಒಂದು ವೈರು ಹೊರಬಂದು ಕೆಳಗಿನ ಸ್ಟಾರ್ಟರ್ ಪೆಟ್ಟಿಗೆಗೆ ಹೋಗಿರುತ್ತದೆ. ಮೋಟರ್ ಎಷ್ಟು ಎಚ್‌ಪಿ, ಸಂಪು ಎಷ್ಟು ಆಳ, ಮನೆ ಯಾರದು, ಇದಾವುದೂ ಆ ಸ್ವಿಚ್ಚಿಗೆ ಗೊತ್ತಿಲ್ಲ. ನೀರು ಏರಿದರೆ ಅದು ಮೇಲೆದ್ದು ಸರ್ಕ್ಯೂಟ್ ಬಿಡಿಸುತ್ತದೆ, ಇಳಿದರೆ ಕೂಡಿಸುತ್ತದೆ. ಸಂಪಿನೊಳಗೆ ಅಂಥದ್ದೇ ಇನ್ನೊಂದು ಸ್ವಿಚ್ ಇರಬಹುದು. ಸಂಪು ಬರಿದಾಗಿರುವಾಗ ಮೋಟರ್ ಒಣ ಓಡಿ ಸುಟ್ಟುಹೋಗದಂತೆ ಕಾಯುವುದು ಅದರ ಕೆಲಸ. ಎರಡೂ ಸ್ವಿಚ್ಚುಗಳ ಮಾತು ಕೇಳಿ ತೀರ್ಮಾನಿಸುವುದು ಮಾತ್ರ ಸ್ಟಾರ್ಟರ್ ಪೆಟ್ಟಿಗೆ. ವೈರು ಎಳೆದು ಜೋಡಿಸಿದವರು ಎಲೆಕ್ಟ್ರಿಷಿಯನ್. ನಿಮ್ಮ ಪ್ರೋಗ್ರಾಮಿನಲ್ಲಿ ಆ ಎಲೆಕ್ಟ್ರಿಷಿಯನ್ ಕೆಲಸವೂ ಸ್ಟಾರ್ಟರ್ ಪೆಟ್ಟಿಗೆಯ ಕೆಲಸವೂ ‘ಮನೆ’ ಕ್ಲಾಸಿನದು.

ನೀವು ಮಾಡಿರುವುದು ಇದಕ್ಕೆ ತಿರುವುಮುರುವು. ತೇಲುವ ಸ್ವಿಚ್ಚಿನ ಕೈಗೆ ಇಡೀ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟು ‘ಹೋಗಿ ಮೋಟರ್ ಹುಡುಕಿ ನಿಲ್ಲಿಸು’ ಎಂದಿದ್ದೀರಿ. ಇಂದು ಅದು ಮನೆಯ ಮೂಲಕ ಮೋಟರನ್ನು ಮುಟ್ಟುತ್ತದೆ. ನಾಳೆ ಅಪಾರ್ಟ್‌ಮೆಂಟ್ ಬಂದಾಗ ಬ್ಲಾಕಿನ ಮೂಲಕ, ಬ್ಲಾಕಿನ ಪಂಪ್ ಕೋಣೆಯ ಮೂಲಕ, ಅಲ್ಲಿನ ಪಟ್ಟಿಯ ಮೊದಲ ಮೋಟರಿನವರೆಗೆ ಚುಕ್ಕೆ ಚುಕ್ಕೆ ಹಾಕುತ್ತಾ ಸಾಗಬೇಕಾಗುತ್ತದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಹುಟ್ಟಿದ ‘ಡಿಮೀಟರ್ ನಿಯಮ’ ವಿರೋಧಿಸುವುದು ಇದನ್ನೇ. ನಿನ್ನ ಹತ್ತಿರದವರೊಡನೆ ಮಾತ್ರ ಮಾತಾಡು, ಅವರ ಮನೆಯೊಳಗೆ ನುಗ್ಗಿ ಅವರ ಪರಿಚಿತರನ್ನು ಎಬ್ಬಿಸಬೇಡ ಎಂದು ಅದರ ತಾತ್ಪರ್ಯ.

ತೀರ್ಮಾನ ಮೇಲೆ ಇರಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಟ್ಯಾಂಕ್ ಶೇಕಡ 95 ತುಂಬಿದಾಗ ಮೋಟರ್ ನಿಲ್ಲಲಿ, 95ರ ಕೆಳಗಿಳಿದ ಕೂಡಲೇ ಶುರುವಾಗಲಿ ಎಂದು ಬರೆದರೆ ಯಾರೋ ಒಂದು ಚೊಂಬು ನೀರು ಹಿಡಿದಾಗಲೆಲ್ಲ ಮೋಟರ್ ಗುರ್ ಎಂದು ಶುರುವಾಗಿ ನಿಲ್ಲುತ್ತದೆ. ನಿಲ್ಲಿಸುವ ಮಟ್ಟ 95, ಶುರುಮಾಡುವ ಮಟ್ಟ 30 ಎಂಬಂತೆ ನಡುವೆ ಅಂತರ ಬೇಕು. ಅಂದರೆ ಮೋಟರ್ ಈಗ ಓಡುತ್ತಿದೆಯೋ ಇಲ್ಲವೋ ಎಂಬುದೂ ತೀರ್ಮಾನದೊಳಗೆ ಬರುತ್ತದೆ. ಜೊತೆಗೆ ಸಂಪಿನ ಮಟ್ಟ, ಕರೆಂಟು. ಇಷ್ಟೂ ಸಂಗತಿ ಒಟ್ಟಿಗೆ ಕಾಣುವ ಜಾಗ ಮನೆ ಒಂದೇ. ಆದ್ದರಿಂದ ಸೆನ್ಸರ್ ಅಳೆಯಲಿ, ಮೋಟರ್ ತಿರುಗಲಿ, ಮನೆ ಯೋಚಿಸಲಿ.

ಹಾಗಾದರೆ ಮಟ್ಟ ಬದಲಾಯಿತೆಂದು ಸೆನ್ಸರ್ ಯಾರಿಗೆ ತಿಳಿಸಬೇಕು? ಎರಡು ದಾರಿಗಳಿವೆ. ಮನೆಯೇ ಪ್ರತಿ ಸುತ್ತಿನಲ್ಲೂ ಸೆನ್ಸರನ್ನು ಕೇಳಬಹುದು. ಅನುಕರಣೆಯ ಪ್ರೋಗ್ರಾಮಿನಲ್ಲಿ ಹೇಗೂ ಒಂದು ಗಡಿಯಾರದ ಸುತ್ತು ಇರುತ್ತದೆ, ಆದ್ದರಿಂದ ನಿಮಗೆ ಇದೇ ಸಾಕು. ಮೇಲ್ಮುಖದ ಕೊಂಡಿಯೇ ಬೇಕಿಲ್ಲ. ಇಲ್ಲವಾದರೆ ಸೆನ್ಸರ್‌ಗೆ ಒಂದು ಕಾಲ್‌ಬ್ಯಾಕ್ ಕೊಡಬಹುದು: ‘ಮಟ್ಟ ಬದಲಾದರೆ ಈ ಫಂಕ್ಷನ್ ಕರೆ.’ ತಾರಸಿಯಿಂದ ಇಳಿದುಬಂದ ವೈರು ಎಂದರೆ ಇದೇ. ಸೆನ್ಸರನ್ನು ಪರೀಕ್ಷಿಸುವಾಗ ಸುಳ್ಳು ಮನೆಯೊಂದನ್ನು ಕಟ್ಟುವ ಕಷ್ಟ ತಪ್ಪುತ್ತದೆ. ಮೌಲ್ಯವನ್ನು ಒಂದು ಲಿಸ್ಟಿಗೆ ಸೇರಿಸುವ ಪುಟ್ಟ ಫಂಕ್ಷನ್ ಕೊಟ್ಟರಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಅನುಭವಿಗಳೂ ಎಡವುವಂಥದ್ದು. ಮನೆಯ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಒಂದನ್ನು ಕಾಲ್‌ಬ್ಯಾಕ್ ಆಗಿ ಕೊಟ್ಟಾಗ, ಪೈಥಾನ್‌ನಲ್ಲಿ ಆ ಮೆಥಡ್ ತನ್ನ ಜೊತೆಗೆ ‘ಸೆಲ್ಫ್’ ಅನ್ನು ಕಟ್ಟಿಕೊಂಡೇ ಹೋಗುತ್ತದೆ. ಅಂದರೆ ಸೆನ್ಸರ್ ಈಗಲೂ ಮನೆಯನ್ನು ಹಿಡಿದುಕೊಂಡಿದೆ, ಹೆಸರು ಹೇಳುವುದಿಲ್ಲ ಅಷ್ಟೇ. ಮುಂಬಾಗಿಲಿನಿಂದ ಅಟ್ಟಿದ ಸುತ್ತು ಹಿತ್ತಿಲಿನಿಂದ ಒಳಗೆ ಬಂದಿದೆ. ಜಾವಾದ ಒಳಕ್ಲಾಸುಗಳದ್ದೂ ಇದೇ ಕಥೆ: ‘ಸ್ಟಾಟಿಕ್’ ಎಂದು ಬರೆಯದ ಒಳಕ್ಲಾಸಿನ ಆಬ್ಜೆಕ್ಟ್ ತನ್ನ ಹೊರಗಿನ ಆಬ್ಜೆಕ್ಟನ್ನು ಗುಟ್ಟಾಗಿ ಹಿಡಿದಿರಬಲ್ಲದು. ಮುಚ್ಚಿಹೋದ ಇಡೀ ಪರದೆ ಮೆಮೊರಿಯಲ್ಲಿ ಉಳಿದುಬಿಡುವ ಆಂಡ್ರಾಯ್ಡ್ ಸೋರಿಕೆಗಳಲ್ಲಿ ಹಲವು ಹುಟ್ಟುವುದೇ ಹೀಗೆ. ಕಾಲ್‌ಬ್ಯಾಕಿನಿಂದ ಸಿಗುವ ಲಾಭವೆಂದರೆ ಸೆನ್ಸರ್‌ಗೆ ಮನೆಯ ಒಳವಿವರ ಗೊತ್ತಾಗದಿರುವುದು. ಮೆಮೊರಿಯ ಮಟ್ಟಿಗೆ ಅದು ಹಳೆಯ ಕೊಂಡಿಯೇ.

ಸರಿ, ಕೆಲವೊಮ್ಮೆ ಭಾಗಕ್ಕೆ ತನ್ನ ಕಂಟೇನರ್ ನಿಜವಾಗಿಯೂ ಬೇಕಾಗುತ್ತದೆ. ಪರದೆಯ ಮೇಲಿನ ಬಟನ್ ತನ್ನ ಕಿಟಕಿಯ ಅಕ್ಷರದ ಗಾತ್ರ ಕೇಳಬೇಕು. ವೆಬ್ ಪುಟದ ಒಂದು ಅಂಶದ ಮೇಲೆ ಕ್ಲಿಕ್ ಆದರೆ ಆ ಸುದ್ದಿ ಮೇಲಿನ ಅಂಶಗಳಿಗೆ ಏರುತ್ತಾ ಹೋಗಬೇಕು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ‘ಈ ಮೋಟರ್ ಯಾವ ಬ್ಲಾಕಿನದು’ ಎಂದು ವಿದ್ಯುತ್ ಲೆಕ್ಕಕ್ಕಾಗಿ ಕೇಳಬೇಕಾಗಬಹುದು. ಆಗ ಎರಡು ಕೊಂಡಿಗಳು ಹುಟ್ಟುತ್ತವೆ: ಬ್ಲಾಕಿನ ಪಟ್ಟಿಯಲ್ಲಿ ಮೋಟರ್, ಮೋಟರಿನ ಒಳಗೆ ಬ್ಲಾಕ್. ನೋಡಲು ಎರಡಾದರೂ ಸಂಗತಿ ಒಂದೇ, ಎರಡು ಪುಸ್ತಕಗಳಲ್ಲಿ ಬರೆದಿಟ್ಟದ್ದು.

ರೇಷನ್ ಕಾರ್ಡನ್ನು ನೆನಪಿಸಿಕೊಳ್ಳಿ. ಮದುವೆಯಾದ ಮಗಳ ಹೆಸರನ್ನು ಗಂಡನ ಮನೆಯ ಕಾರ್ಡಿಗೆ ಸೇರಿಸಬೇಕಾದರೆ ಮೊದಲು ತವರಿನ ಕಾರ್ಡಿನಿಂದ ತೆಗೆಸಬೇಕು. ಒಬ್ಬರ ಹೆಸರು ಎರಡು ಕಾರ್ಡುಗಳಲ್ಲಿ ಇರುವಂತಿಲ್ಲ. ನೀವು ಮಾಡಿದ್ದೇನು? ಬಿ ಬ್ಲಾಕಿನ ಪಟ್ಟಿಗೆ ನೇರವಾಗಿ ‘ಅಪೆಂಡ್’ ಮಾಡಿ, ಮೋಟರಿನೊಳಗಿನ ಬ್ಲಾಕನ್ನು ‘ಬಿ’ ಎಂದು ಬದಲಿಸಿದಿರಿ. ತವರಿನ ಕಾರ್ಡಿನಲ್ಲಿ ಹೆಸರು ಹಾಗೇ ಉಳಿಯಿತು. ಎ ಬ್ಲಾಕಿನ ಟ್ಯಾಂಕ್ ತುಂಬಿದಾಗ ಅದು ತನ್ನ ಪಟ್ಟಿಯಲ್ಲಿರುವ ಎಲ್ಲರನ್ನೂ ನಿಲ್ಲಿಸಿತು. ಪಾಪ, ಅದರ ತಪ್ಪಿಲ್ಲ.

ಇದಕ್ಕೆ ಪರಿಹಾರ ಬಹಳ ಹಳೆಯದು. ಆಬ್ಜೆಕ್ಟ್ ಆಧಾರಿತ ಭಾಷೆಗಳ ಮೂಲಪುರುಷನಾದ ಸಿಮುಲಾ 67 ನಾರ್ವೆಯ ಓಸ್ಲೊದಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಅವರ ಕೈಯಲ್ಲಿ ರೂಪುಗೊಂಡಿತು. ಅದೂ ಹುಟ್ಟಿದ್ದು ನಿಮ್ಮ ಪ್ರೋಗ್ರಾಮಿನಂಥ ಅನುಕರಣೆಗಳಿಗಾಗಿಯೇ. ಅದರಲ್ಲಿ ಸರದಿಗಳನ್ನು ಕಟ್ಟಲು ‘ಸಿಮ್‌ಸೆಟ್’ ಎಂಬ ಕ್ಲಾಸ್ ಇತ್ತು. ಒಂದು ಸರದಿಗೆ ಸೇರು ಎಂದು ‘ಲಿಂಕ್’ ಆಬ್ಜೆಕ್ಟಿಗೆ ಹೇಳಿದರೆ ಅದು ಮೊದಲು ತಾನಿದ್ದ ಸರದಿಯಿಂದ ಹೊರಬಂದು ಆಮೇಲೆ ಹೊಸದನ್ನು ಸೇರುತ್ತಿತ್ತು. ಬಿಡಿಸುವ ಕೆಲಸ ಸೇರಿಸುವ ಕೆಲಸದ ಹೊಟ್ಟೆಯಲ್ಲೇ ಇತ್ತು, ಮರೆಯಲು ಅವಕಾಶವೇ ಇರಲಿಲ್ಲ. ಅದೇ ಊರಿನ ಟ್ರೋಲ್‌ಟೆಕ್ ಕಂಪನಿ 1995ರಲ್ಲಿ ಹೊರತಂದ, ಪರದೆಯ ಭಾಗಗಳನ್ನು ಕಟ್ಟುವ ಕ್ಯೂಟಿ ಲೈಬ್ರರಿಯಲ್ಲೂ ಭಾಗಕ್ಕೆ ಹೊಸ ಒಡೆಯನನ್ನು ಗೊತ್ತುಮಾಡಿದರೆ ಹಳೆಯ ಒಡೆಯನ ಪಟ್ಟಿಯಿಂದ ಅದು ತಾನಾಗಿ ಅಳಿಯುತ್ತದೆ. ಒಡೆಯ ಸತ್ತರೆ ಅವನ ಪಟ್ಟಿಯಲ್ಲಿರುವವರೂ ಅವನೊಂದಿಗೇ ಹೋಗುತ್ತಾರೆ.

ಈಗಿನ ವ್ಯವಸ್ಥೆಗಳು ಎರಡು ಬಗೆಯ ಗುಮಾಸ್ತರಂತೆ ವರ್ತಿಸುತ್ತವೆ. ವೆಬ್ ಬ್ರೌಸರ್ ಮೃದು ಸ್ವಭಾವದ ಗುಮಾಸ್ತ: ಈಗಾಗಲೇ ಒಂದು ಕಡೆ ಇರುವ ಅಂಶವನ್ನು ಇನ್ನೊಂದರೊಳಗೆ ಸೇರಿಸು ಎಂದರೆ ಸದ್ದಿಲ್ಲದೆ ಹಳೆಯ ಜಾಗದಿಂದ ಎತ್ತಿ ಹೊಸ ಜಾಗದಲ್ಲಿಡುತ್ತದೆ. ಜಾವಾದಲ್ಲಿ ಪರದೆ ಕಟ್ಟುವ ಲೈಬ್ರರಿಯಾದ ಎಡಬ್ಲ್ಯುಟಿ ಕೂಡ ಹಾಗೆಯೇ. ಆಂಡ್ರಾಯ್ಡ್ ಮಾತ್ರ ಕಟ್ಟುನಿಟ್ಟು: ಈ ಮಗುವಿಗೆ ಆಗಲೇ ತಂದೆಯಿದ್ದಾನೆ, ಮೊದಲು ಅವನ ಪಟ್ಟಿಯಿಂದ ತೆಗೆಸಿಕೊಂಡು ಬಾ ಎಂದು ಎಕ್ಸೆಪ್ಷನ್ ಎಸೆದು ಪ್ರೋಗ್ರಾಮನ್ನೇ ಬೀಳಿಸುತ್ತದೆ. ಕಲಿಯುವವರಿಗೆ ಎರಡನೆಯದೇ ಒಳ್ಳೆಯದೆಂದು ನನ್ನ ಅಭಿಪ್ರಾಯ; ಗೊತ್ತಿಲ್ಲದೆ ಆದ ವರ್ಗಾವಣೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಆದರೆ ನಿಮ್ಮ ಪ್ರೋಗ್ರಾಮಿನಲ್ಲಿ ವರ್ಗಾವಣೆ ಬೇಕೆಂದೇ ಮಾಡುವಂಥದ್ದು. ಆದ್ದರಿಂದ ಮೃದುವಾದದ್ದನ್ನೇ ಬರೆಯೋಣ. ಪೈಥಾನ್ 3ರಿಂದೀಚೆಗೆ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಕೆಳಗೆ ಭಾಷೆಯ ಪದಗಳನ್ನೂ ಕನ್ನಡಿಸಿ ತರ್ಕವನ್ನಷ್ಟೇ ಬರೆದಿದ್ದೇನೆ.

ಬ್ಲಾಕ್.ಸೇರಿಸು(ಭಾಗ):
    ಹಳೆಯ = ಭಾಗ.ಒಡೆಯ
    ಹಳೆಯ ಎಂಬುದು ಇದೇ ಬ್ಲಾಕ್ ಆಗಿದ್ದರೆ: ಸುಮ್ಮನೆ ಮರಳು
    ಹಳೆಯ ಇದ್ದರೆ: ಹಳೆಯ.ತೆಗೆ(ಭಾಗ)
    ಈ ಬ್ಲಾಕಿನ ಪಟ್ಟಿಗೆ ಭಾಗವನ್ನು ಸೇರಿಸು
    ಭಾಗ.ಒಡೆಯ = ಈ ಬ್ಲಾಕ್
    ಭಾಗ.ಸೇರಿದಾಗ()

ಬ್ಲಾಕ್.ತೆಗೆ(ಭಾಗ):
    ಭಾಗ.ಒಡೆಯ ಈ ಬ್ಲಾಕ್ ಅಲ್ಲದಿದ್ದರೆ: ದೋಷ ಎಸೆ
    ಭಾಗ.ಬಿಡುವಾಗ()
    ಈ ಬ್ಲಾಕಿನ ಪಟ್ಟಿಯಿಂದ ಭಾಗವನ್ನು ಅಳಿಸು
    ಭಾಗ.ಒಡೆಯ = ಯಾರೂ ಇಲ್ಲ

ಎರಡು ಪುಸ್ತಕಗಳನ್ನೂ ತಿದ್ದುವ ಅಧಿಕಾರ ಈ ಎರಡು ಮೆಥಡ್‌ಗಳಿಗೆ ಮಾತ್ರ. ‘ಒಡೆಯ’ನನ್ನು ಹೊರಗಿನವರು ಓದಬಹುದು, ಬರೆಯುವಂತಿಲ್ಲ, ಪೈಥಾನ್‌ನ ‘ಪ್ರಾಪರ್ಟಿ’ ಇದಕ್ಕೆ ಸಾಕು. ಪಟ್ಟಿಯನ್ನೂ ಇದ್ದ ಹಾಗೇ ಹೊರಗೆ ಕೊಡಬೇಡಿ. ಕೊಟ್ಟರೆ ಯಾರೋ ಒಬ್ಬರು ಅದರ ಮೇಲೆ ನೇರವಾಗಿ ‘ಅಪೆಂಡ್’ ಮಾಡುತ್ತಾರೆ, ಮತ್ತೆ ಎರಡು ಕಾರ್ಡಿನ ಕಥೆ. ಕೇಳಿದವರಿಗೆ ಒಂದು ಟ್ಯೂಪಲ್ (ತಿದ್ದಲಾಗದ ಪಟ್ಟಿ) ಮಾಡಿ ಕೊಡಿ. ಬ್ಲಾಕಿನೊಳಗೆ ಬ್ಲಾಕ್ ಇಡುವ ಅವಕಾಶ ಇದ್ದರೆ ಮೇಲ್ಮುಖವಾಗಿ ಒಡೆಯರ ಸರಪಳಿಯನ್ನು ಒಮ್ಮೆ ಹತ್ತಿ ನೋಡಿ: ಸೇರಿಸುತ್ತಿರುವ ಬ್ಲಾಕ್ ನಿಮ್ಮದೇ ಅಜ್ಜನಾಗಿರಬಾರದು. ಬ್ರೌಸರ್ ಮತ್ತು ಎಡಬ್ಲ್ಯುಟಿ ಎರಡೂ ಇದನ್ನು ಪರೀಕ್ಷಿಸಿ ದೋಷ ಎಸೆಯುತ್ತವೆ.

‘ಪಟ್ಟಿಯಿಂದ ಅಳಿಸು’ ಎಂಬ ಸಾಲು ನಿರುಪದ್ರವಿಯಾಗಿ ಕಾಣುತ್ತದೆ, ಆದರೆ ಇದರ ಮೇಲೆ ಒಂದು ಕಣ್ಣಿಡಿ. ಮೋಟರನ್ನು ನೀವು ‘ಡೇಟಾಕ್ಲಾಸ್’ ಆಗಿ ಬರೆದಿದ್ದೀರಿ ಎಂದುಕೊಳ್ಳೋಣ. ಡೇಟಾಕ್ಲಾಸ್ ಸಮಾನತೆಯನ್ನು ತಾನೇ ಬರೆದುಕೊಡುತ್ತದೆ: ಎಲ್ಲ ಗುಣಗಳೂ ಹೊಂದಿದರೆ ಎರಡು ಆಬ್ಜೆಕ್ಟುಗಳು ಸಮ. ಎ ಬ್ಲಾಕಿನಲ್ಲಿ ಒಂದೇ ಕಂಪನಿಯ, ಒಂದು ಎಚ್‌ಪಿಯ, ಸದ್ಯ ನಿಂತಿರುವ ಎರಡು ಮೋಟರ್‌ಗಳಿದ್ದರೆ ಪೈಥಾನ್ ಲೆಕ್ಕದಲ್ಲಿ ಅವೆರಡೂ ಸಮವಾಗುತ್ತವೆ. ಲಿಸ್ಟಿನ ‘ರಿಮೂವ್’ ಮೊದಲಿನಿಂದ ಹುಡುಕುತ್ತಾ ಬಂದು, ಸಮವಾಗಿ ಕಂಡ ಮೊದಲನೆಯದನ್ನು ಅಳಿಸುತ್ತದೆ. ನೀವು ಎರಡನೆಯದನ್ನು ವರ್ಗಾಯಿಸಲು ಹೊರಟರೆ ಪಟ್ಟಿಯಿಂದ ಹೋಗುವುದು ಮೊದಲನೆಯದು! ಅವಳಿ ಮಕ್ಕಳಲ್ಲಿ ಒಬ್ಬನ ಹೆಸರು ತೆಗೆಯಲು ಹೋಗಿ ಇನ್ನೊಬ್ಬನ ಹೆಸರು ಹೊಡೆದುಹಾಕಿದಂತೆ. ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಂಪನಿಯೊಂದರಲ್ಲಿ ಇಂಥದೇ ತಪ್ಪಿನ ಹಿಂದೆ ಎರಡು ದಿನ ಅಲೆದಿದ್ದೇನೆ. ಪರೀಕ್ಷೆಯಲ್ಲಿ ನಾವು ಬೇರೆ ಬೇರೆ ಮೌಲ್ಯಗಳ ಭಾಗಗಳನ್ನೇ ಬಳಸುತ್ತಿದ್ದೆವು, ಆದ್ದರಿಂದ ತಪ್ಪು ಅಲ್ಲಿ ತಲೆ ಎತ್ತಲೇ ಇಲ್ಲ. ಮೋಟರ್‌ಗೆ ತನ್ನದೇ ಗುರುತಿದೆ, ಅದು ಬರೀ ಮೌಲ್ಯಗಳ ಮೊತ್ತವಲ್ಲ. ಡೇಟಾಕ್ಲಾಸಿನ ಸಮಾನತೆಯ ಆಯ್ಕೆಯನ್ನು ‘ಫಾಲ್ಸ್’ ಮಾಡಿ.

ಅದೇ ಡೇಟಾಕ್ಲಾಸ್ ಇನ್ನೊಂದು ಕಡೆಯೂ ಕೈಕೊಡುತ್ತದೆ. ಒಡೆಯನೂ ಒಂದು ಗುಣವಾಗಿದ್ದರೆ, ಎರಡು ಬೇರೆ ಮನೆಗಳನ್ನು ಹೋಲಿಸಿದಾಗ ಮನೆ ಟ್ಯಾಂಕನ್ನು, ಟ್ಯಾಂಕ್ ಮನೆಯನ್ನು, ಮನೆ ಮತ್ತೆ ಟ್ಯಾಂಕನ್ನು ಹೋಲಿಸಲು ಕೇಳುತ್ತಾ ಕೊನೆಗೆ ‘ರಿಕರ್ಷನ್ ಎರರ್’ ಬರುತ್ತದೆ. ಫೈಲಿಗೆ ಬರೆಯುವಾಗಲೂ ಇದೇ ಗೋಳು: ಜೇಸನ್ ರೂಪದಲ್ಲಿ ಇಂಥ ಸುತ್ತುಗಳಿಗೆ ಜಾಗವಿಲ್ಲ. ಉಳಿಸುವಾಗ ಕೆಳಮುಖದ ಪಟ್ಟಿಯನ್ನಷ್ಟೇ ಬರೆದು, ಓದುವಾಗ ‘ಸೇರಿಸು’ ಮೂಲಕವೇ ಮತ್ತೆ ಕಟ್ಟಿ. ಒಡೆಯ ತಾನಾಗಿ ತುಂಬಿಕೊಳ್ಳುತ್ತಾನೆ. ಒಂದೇ ಒಂದು ಟ್ಯಾಂಕಿನ ನಕಲು ಬೇಕೆಂದು ‘ಡೀಪ್‌ಕಾಪಿ’ ಮಾಡಿದರೆ ಅದು ಮೇಲ್ಮುಖದ ಕೊಂಡಿ ಹಿಡಿದು ಹೋಗಿ ಮನೆ, ಸಂಪು, ಮೋಟರ್ ಎಲ್ಲವನ್ನೂ ನಕಲು ಮಾಡಿ ತರುತ್ತದೆ.

‘ಸೆಲ್ಫ್’ ಕಳುಹಿಸುವ ನಿಮ್ಮ ಕನ್ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ಬಗ್ಗೆಯೂ ಹೇಳಬೇಕು. ಮನೆಯ ಕನ್ಸ್ಟ್ರಕ್ಟರಿನ ಮೊದಲ ಸಾಲಿನಲ್ಲಿ ಮೋಟರ್, ಎರಡನೆಯದರಲ್ಲಿ ಟ್ಯಾಂಕ್ ಸೃಷ್ಟಿಯಾಗುತ್ತದೆ ಎಂದುಕೊಳ್ಳಿ. ಮೋಟರ್ ತನ್ನ ಕನ್ಸ್ಟ್ರಕ್ಟರಿನಲ್ಲೇ ‘ಮನೆ.ಟ್ಯಾಂಕ್’ ಎಂದು ಕೇಳಿದರೆ ಟ್ಯಾಂಕ್ ಇನ್ನೂ ಹುಟ್ಟಿಯೇ ಇಲ್ಲ. ‘ಆಟ್ರಿಬ್ಯೂಟ್ ಎರರ್’ ಬರುತ್ತದೆ. ಸಾಲುಗಳನ್ನು ಹಿಂದುಮುಂದು ಮಾಡಿ ಇಂದು ಸರಿಪಡಿಸಬಹುದು, ನಾಳೆ ಟ್ಯಾಂಕ್‌ಗೂ ಮೋಟರ್ ಬೇಕಾದಾಗ ಆ ಉಪಾಯ ಮುಗಿಯಿತು. ತಳಪಾಯ ಹಾಕುತ್ತಿರುವ ಮನೆಗೆ ಗೃಹಪ್ರವೇಶಕ್ಕೆ ಬಂದವರ ಪಾಡು ಅದು. ಮೇಲೆ ‘ಸೇರಿದಾಗ’ ಎಂಬ ಮೆಥಡ್ ಇಟ್ಟಿರುವುದು ಇದಕ್ಕೆ ಒಂದು ಉತ್ತರ: ಭಾಗ ಒಂಟಿಯಾಗಿ ಹುಟ್ಟಲಿ, ಒಡೆಯನನ್ನು ಸೇರಿದ ಮೇಲೆ ಮಾಡುವ ಕೆಲಸವನ್ನು ಸೇರಿದ ಮೇಲೆಯೇ ಮಾಡಲಿ. ಒಡಹುಟ್ಟಿದ ಭಾಗಗಳು ಬೇಕಿರುವ ಕೆಲಸವನ್ನು ಎಲ್ಲರೂ ಸೇರಿದ ಮೇಲೆ ಮನೆಯೇ ಒಮ್ಮೆ ಕರೆದು ಮಾಡಿಸಲಿ. ‘ಬಿಡುವಾಗ’ ಎಂಬುದು ಅದರ ಜೋಡಿ. ಬ್ಲಾಕ್ ಬಿಡುವ ಮೊದಲು ಮೋಟರ್ ತಿರುಗುವುದನ್ನು ನಿಲ್ಲಿಸಲು, ಹಳೆಯ ಕಾಲ್‌ಬ್ಯಾಕ್ ಕಿತ್ತುಹಾಕಲು ಅದೇ ಜಾಗ.

ಈಗ ಗೆಳತಿಯ ಹೆದರಿಕೆಗೆ ಬರೋಣ. ಒಂದು ಆಬ್ಜೆಕ್ಟನ್ನು ಎಷ್ಟು ಜನ ಹಿಡಿದಿದ್ದಾರೆ ಎಂದು ಎಣಿಸಿ, ಎಣಿಕೆ ಸೊನ್ನೆಯಾದಾಗ ಮೆಮೊರಿ ಬಿಡಿಸುವ ಉಪಾಯವನ್ನು ಜಾರ್ಜ್ ಕಾಲಿನ್ಸ್ 1960ರಲ್ಲಿ ಪ್ರಕಟಿಸಿದರು. ಸುತ್ತು ಸುತ್ತಾಗಿ ಹಿಡಿದುಕೊಂಡಿರುವ ಆಬ್ಜೆಕ್ಟುಗಳ ಎಣಿಕೆ ಎಂದೂ ಸೊನ್ನೆಯಾಗುವುದಿಲ್ಲ ಎಂಬ ತೊಡಕನ್ನು ಹೆರಾಲ್ಡ್ ಮೆಕ್‌ಬೆತ್ 1963ರಲ್ಲೇ ತೋರಿಸಿದರು. ಮನೆಯನ್ನು ನೀವು ಕೈಬಿಟ್ಟರೂ ಟ್ಯಾಂಕ್ ಅದನ್ನು ಹಿಡಿದಿರುತ್ತದೆ, ಟ್ಯಾಂಕನ್ನು ಮನೆ ಹಿಡಿದಿರುತ್ತದೆ; ಹೊರಗಿನವರಿಗೆ ಇಬ್ಬರೂ ಬೇಡವಾದರೂ ಇಬ್ಬರ ಲೆಕ್ಕದಲ್ಲೂ ಒಂದೊಂದು ಉಳಿದಿರುತ್ತದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ಕಾಲದಲ್ಲಿ ವೆಬ್ ಪುಟಗಳು ಮೆಮೊರಿ ಸೋರುತ್ತಿದ್ದದ್ದು ಹೀಗೆಯೇ. ಪುಟದ ಅಂಶಗಳನ್ನು ಎಣಿಕೆಯಿಂದ, ಸ್ಕ್ರಿಪ್ಟಿನ ಆಬ್ಜೆಕ್ಟುಗಳನ್ನು ಬೇರೊಂದು ವಿಧಾನದಿಂದ ನೋಡಿಕೊಳ್ಳುತ್ತಿದ್ದರು. ಎರಡರ ನಡುವೆ ಹೆಣೆದ ಸುತ್ತು ಇಬ್ಬರಿಗೂ ಕಾಣುತ್ತಿರಲಿಲ್ಲ.

ಸಾಮಾನ್ಯವಾಗಿ ನಾವೆಲ್ಲ ಬಳಸುವ ಪೈಥಾನ್ ಕೂಡ ಎಣಿಸುವ ಜಾತಿಯದೇ. ಆದರೆ 2000ದಲ್ಲಿ ಬಂದ 2.0 ಆವೃತ್ತಿಯಿಂದ ಇಂಥ ಸುತ್ತುಗಳನ್ನು ಹುಡುಕಿ ಗುಡಿಸುವ ಕೆಲಸದವನೊಬ್ಬ ಅದರಲ್ಲಿದ್ದಾನೆ. ಆಬ್ಜೆಕ್ಟ್ ಅಳಿಯುವಾಗ ಓಡುವ ‘ಡೆಲ್’ ಮೆಥಡ್ ಇರುವ ಆಬ್ಜೆಕ್ಟ್ ಸುತ್ತಿನಲ್ಲಿ ಸಿಕ್ಕಿಕೊಂಡರೆ ಅವನೂ ಕೈಚೆಲ್ಲುತ್ತಿದ್ದ; 2014ರ 3.4 ಆವೃತ್ತಿ ಅದನ್ನೂ ಸರಿಪಡಿಸಿತು. ಹಾಗಾಗಿ ನಿಮ್ಮ ಮನೆ–ಟ್ಯಾಂಕ್ ಸುತ್ತು ಸೋರಿಕೆಯಲ್ಲ. ಒಂದೇ ವ್ಯತ್ಯಾಸ: ಸುತ್ತಿಲ್ಲದ ಆಬ್ಜೆಕ್ಟ್ ಕೈಬಿಟ್ಟ ಕ್ಷಣವೇ ಹೋಗುತ್ತದೆ, ಸುತ್ತಿನಲ್ಲಿರುವುದು ಗುಡಿಸುವವನು ಬಂದಾಗ ಹೋಗುತ್ತದೆ. ಅವನು ಯಾವಾಗ ಬರುತ್ತಾನೋ, ಹೇಳಲಾಗದು. ಮುಂದೊಂದು ದಿನ ಅನುಕರಣೆ ಬಿಟ್ಟು ನಿಜವಾದ ರಿಲೇಗೆ ಜೋಡಿಸಿದರೆ, ಮೋಟರ್ ನಿಲ್ಲಿಸುವ ಕೆಲಸವನ್ನು ‘ಡೆಲ್’ ಮೇಲೆ ಬಿಡಬೇಡಿ. ‘ವಿತ್’ ಬಳಸಿ ಅಥವಾ ‘ಮುಚ್ಚು’ ಎಂಬ ಮೆಥಡ್ ಇಟ್ಟು ನೀವೇ ಕರೆಯಿರಿ. ಜಾವಾದವರಿಗಂತೂ ಈ ಸುತ್ತಿನ ಚಿಂತೆಯೇ ಇಲ್ಲ, ಅಲ್ಲಿ ಎಣಿಕೆಯ ಬದಲು, ಓಡುತ್ತಿರುವ ಪ್ರೋಗ್ರಾಮಿನ ಕೈಯಲ್ಲಿರುವ ಬೇರಿನಿಂದ ತಲುಪಬಹುದಾದ ಆಬ್ಜೆಕ್ಟುಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ.

ಎಣಿಕೆಯನ್ನೇ ನಂಬಿದ ಭಾಷೆಗಳಲ್ಲಿ ಗೆಳತಿಯ ಮಾತು ಅಕ್ಷರಶಃ ನಿಜ. ಸ್ವಿಫ್ಟ್‌ನಲ್ಲಿ ಗುಡಿಸುವವನಿಲ್ಲ, ಮೇಲ್ಮುಖದ ಕೊಂಡಿಯನ್ನು ಎಣಿಕೆಗೆ ಸೇರದ ‘ವೀಕ್’ ಅಥವಾ ‘ಅನ್‌ಓನ್ಡ್’ ಎಂದು ಬರೆಯದಿದ್ದರೆ ನಿಜವಾಗಿಯೂ ಸೋರುತ್ತದೆ. ಸಿ++ನಲ್ಲಿ 2011ರ ಆವೃತ್ತಿಯಿಂದ ರೂಢಿಯಾಗಿರುವ ಕ್ರಮ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ: ಕೆಳಮುಖವಾಗಿ ‘ಯುನೀಕ್ ಪಾಯಿಂಟರ್’, ಮೇಲ್ಮುಖವಾಗಿ ಬರಿಯ ಪಾಯಿಂಟರ್. ಯಾರು ಒಡೆಯ, ಯಾರು ಬರೀ ನೋಡುವವರು ಎಂಬುದು ಟೈಪಿನಲ್ಲೇ ಬರೆದಿರುತ್ತದೆ. ಕ್ಲಾಸುಗಳ ನಕ್ಷೆ ಬರೆಯುವ ಯುಎಂಎಲ್ ಚಿತ್ರಗಳಲ್ಲಿ ಕಪ್ಪು ತುಂಬಿದ ವಜ್ರಾಕೃತಿ ಹೇಳುವುದೂ ಇದನ್ನೇ: ಒಂದು ಭಾಗಕ್ಕೆ ಒಂದು ಸಮಯದಲ್ಲಿ ಒಬ್ಬನೇ ಒಡೆಯ.

ಪೈಥಾನ್‌ನಲ್ಲೂ ‘ವೀಕ್‌ರೆಫ್’ ಇದೆ, 2001ರಿಂದ; ಅದೂ ಎಣಿಕೆಗೆ ಸೇರದ ಕೊಂಡಿ. ಇದನ್ನು ಓದಿದವರೆಲ್ಲ ಮೇಲ್ಮುಖದ ಪ್ರತಿ ಕೊಂಡಿಯನ್ನೂ ವೀಕ್‌ರೆಫ್ ಮಾಡಲು ಹೊರಡುತ್ತಾರೆ. ನಿಮಗೆ ನಾನು ಹಾಗೆ ಹೇಳುವುದಿಲ್ಲ. ಮನೆ ಕಟ್ಟುವ ಫಂಕ್ಷನ್ ಕರೆದು ಅದೇ ಸಾಲಿನಲ್ಲಿ ಅದರ ಟ್ಯಾಂಕನ್ನಷ್ಟೇ ಎತ್ತಿಟ್ಟುಕೊಂಡರೆ, ಮನೆಯನ್ನು ಹಿಡಿದವರು ಯಾರೂ ಇಲ್ಲದೆ ಅದು ಆ ಸಾಲಿನಲ್ಲೇ ಮಾಯವಾಗುತ್ತದೆ. ಟ್ಯಾಂಕ್ ತನ್ನ ಒಡೆಯನನ್ನು ಕೇಳಿದರೆ ‘ನನ್’, ಅಂದರೆ ಯಾರೂ ಇಲ್ಲ, ಎಂಬ ಉತ್ತರ ಬರುತ್ತದೆ. ಮನೆಯ ಮೆಥಡನ್ನು ನೇರವಾಗಿ ವೀಕ್‌ರೆಫ್ ಮಾಡಿ ಕಾಲ್‌ಬ್ಯಾಕ್ ಇಟ್ಟರೆ ಅದೂ ಹುಟ್ಟಿದ ಕ್ಷಣವೇ ಸಾಯುತ್ತದೆ, ಏಕೆಂದರೆ ಆ ‘ಸೆಲ್ಫ್ ಕಟ್ಟಿಕೊಂಡ ಮೆಥಡ್’ ಕೇಳಿದಾಗಲೆಲ್ಲ ಹೊಸದಾಗಿ ಹುಟ್ಟುವ ತಾತ್ಕಾಲಿಕ ಆಬ್ಜೆಕ್ಟ್. ಅದಕ್ಕೆಂದೇ ‘ವೀಕ್‌ಮೆಥಡ್’ ಎಂಬುದು ಬೇರೆ ಇದೆ. ಇನ್ನು ವೀಕ್‌ರೆಫ್ ಇರುವ ಮನೆಯ ಡೀಪ್‌ಕಾಪಿ ಮಾಡಿದರೆ ಹೊಸ ಮನೆಯ ಟ್ಯಾಂಕು ಹಳೆಯ ಮನೆಯನ್ನೇ ಒಡೆಯನೆಂದು ತೋರಿಸುತ್ತದೆ. ಸಾವಿರಾರು ಮನೆಗಳನ್ನು ಕಟ್ಟಿ ಕೆಡವುವ ಪ್ರೋಗ್ರಾಂ ಅಲ್ಲದಿದ್ದರೆ ಸಾಮಾನ್ಯ ಕೊಂಡಿಯೇ ಇರಲಿ.

ಮೂರನೆಯ ದಾರಿಯೊಂದನ್ನು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಡೇಟಾಬೇಸಿನವರು ಸಂಗತಿಯನ್ನು ಎರಡು ಕಡೆ ಬರೆಯುವುದೇ ಇಲ್ಲ. ಮೋಟರಿನ ಸಾಲಿನಲ್ಲಿ ಬ್ಲಾಕಿನ ಸಂಖ್ಯೆ ಇರುತ್ತದೆ, ಅಷ್ಟೇ. ಬ್ಲಾಕಿನ ಮೋಟರ್‌ಗಳ ಪಟ್ಟಿ ಬೇಕಾದಾಗ ಹುಡುಕಿ ತೆಗೆಯುತ್ತಾರೆ. ನಿಮ್ಮಲ್ಲೂ ಅಪಾರ್ಟ್‌ಮೆಂಟ್ ಮಟ್ಟದಲ್ಲಿ ‘ಮೋಟರಿನಿಂದ ಬ್ಲಾಕಿಗೆ’ ಎಂಬ ಒಂದೇ ಡಿಕ್ಷನರಿ ಇಟ್ಟರೆ ವರ್ಗಾವಣೆ ಎಂದರೆ ಒಂದು ಮೌಲ್ಯವನ್ನು ಬದಲಿಸುವುದು. ಎರಡು ಕಾರ್ಡಿನ ಸ್ಥಿತಿ ಹುಟ್ಟಲು ಜಾಗವೇ ಇಲ್ಲ. ಹುಡುಕಾಟ ತುಸು ನಿಧಾನವಾದೀತು, ಆದರೆ ಹತ್ತಿಪ್ಪತ್ತು ಮೋಟರ್‌ಗಳ ಲೆಕ್ಕದಲ್ಲಿ ಅದು ಗಮನಕ್ಕೂ ಬರುವುದಿಲ್ಲ. ಇದೇ ಡೇಟಾಬೇಸನ್ನು ಜಾವಾದ ಹೈಬರ್ನೇಟ್ ಎಂಬ ಲೈಬ್ರರಿಯ ಮೂಲಕ ಬಳಸುವವರು ಮಾತ್ರ ಮತ್ತೆ ಹಳೆಯ ಹಳ್ಳಕ್ಕೆ ಬೀಳುತ್ತಾರೆ. ಎರಡು ಕಡೆಯ ಕೊಂಡಿಯಲ್ಲಿ ಒಂದು ಕಡೆ ಮಾತ್ರ ಡೇಟಾಬೇಸಿಗೆ ಬರೆಯುವ ಹಕ್ಕು ಇರುತ್ತದೆ. ಹಕ್ಕಿಲ್ಲದ ಕಡೆಯ ಪಟ್ಟಿಗಷ್ಟೇ ಸೇರಿಸಿದರೆ ಪರದೆಯ ಮೇಲೆ ಸರಿಯಾಗಿ ಕಂಡದ್ದು ಮತ್ತೆ ತೆರೆದಾಗ ಇರುವುದಿಲ್ಲ.

ನಿಮ್ಮ ಪ್ರೋಗ್ರಾಮಿನಲ್ಲಿ ನಾನಾಗಿದ್ದರೆ ಏನು ಮಾಡುತ್ತಿದ್ದೆ? ಸೆನ್ಸರ್, ಟ್ಯಾಂಕ್, ಸಂಪುಗಳಿಂದ ‘ಮನೆ’ಯ ಕೊಂಡಿಯನ್ನು ಪೂರ್ತಿ ಕಿತ್ತುಹಾಕುತ್ತಿದ್ದೆ; ತೀರ್ಮಾನವನ್ನು ಮನೆಯ ಒಂದು ಮೆಥಡ್‌ಗೆ ತರುತ್ತಿದ್ದೆ. ವರ್ಗವಾಗುವ ಮೋಟರ್‌ಗೆ ಮಾತ್ರ ‘ಒಡೆಯ’ ಇರಲಿ, ಮೇಲಿನ ಸೇರಿಸು–ತೆಗೆ ಜೋಡಿಯ ಮೂಲಕ. ಆಮೇಲೆ ಒಂದು ಪರೀಕ್ಷೆ ಬರೆಯಿರಿ: ಒಂದೇ ಬಗೆಯ ಎರಡು ಮೋಟರ್‌ಗಳನ್ನು ಎ ಬ್ಲಾಕಿಗೆ ಸೇರಿಸಿ, ಎರಡನೆಯದನ್ನು ಬಿಗೆ ವರ್ಗಾಯಿಸಿ. ಎ ಪಟ್ಟಿಯಲ್ಲಿ ಮೊದಲನೆಯದು ಮಾತ್ರ, ಬಿ ಪಟ್ಟಿಯಲ್ಲಿ ಎರಡನೆಯದು ಮಾತ್ರ, ಎರಡನೆಯದರ ಒಡೆಯ ಬಿ. ಹೋಲಿಸುವಾಗ ಸಮ ಚಿಹ್ನೆಯ ಬದಲು ‘ಈಸ್’ ಬಳಸಿ, ಇಲ್ಲವಾದರೆ ಅವಳಿಗಳ ಅದಲುಬದಲು ಪರೀಕ್ಷೆಗೂ ಕಾಣುವುದಿಲ್ಲ.

ಇನ್‌ಹೆರಿಟ್ ಮಾಡುವ ಕೊನೆಯ ಪ್ರಶ್ನೆ ಉಳಿಯಿತು. ಮೋಟರ್ ಕ್ಲಾಸ್ ಮನೆ ಕ್ಲಾಸಿನಿಂದ ಇಳಿದುಬಂದರೆ ಪ್ರತಿ ಮೋಟರೂ ಒಂದು ಮನೆಯಾಗುತ್ತದೆ. ಅದರ ಕನ್ಸ್ಟ್ರಕ್ಟರ್ ಮನೆಯ ಕನ್ಸ್ಟ್ರಕ್ಟರನ್ನು ಕರೆದು ತನಗೆಂದೇ ಹೊಸ ಸಂಪು, ಹೊಸ ಟ್ಯಾಂಕ್ ಕಟ್ಟುತ್ತದೆ. ಆ ಹೊಸ ಮನೆಗೂ ಒಂದು ಮೋಟರ್ ಬೇಕಲ್ಲ. ಅದೂ ಒಂದು ಮನೆ, ಅದಕ್ಕೂ ಒಂದು ಮೋಟರ್. ನಿಜವಾದ ಟ್ಯಾಂಕ್‌ಗೆ ಒಂದು ಹನಿ ಏರುವ ಮೊದಲೇ ಪೈಥಾನ್ ‘ರಿಕರ್ಷನ್ ಎರರ್’ ಕೊಟ್ಟು ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ, ಒಮ್ಮೆ ಬರೆದು ನೋಡಿ.